ಅಲಾರಂ ಕೂಗಿದಾಗ ಬಾಗಿಲಲ್ಲಿ ಯಾರಿದ್ದಾರೆ?

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ ಸುತ್ತ ಇವೆ. ಆಸ್ಪತ್ರೆಯಲ್ಲಿ ಮಗು ಕಾಣೆಯಾಗದ ಹಾಗೆ ನೋಡಿಕೊಳ್ಳುವುದು ಹೇಗೆ, ಅದಕ್ಕೆಂದು ತಂದ ಯಂತ್ರವನ್ನು ಕೆಲಸದವರಿಗೆ ಕಲಿಸುವುದು ಹೇಗೆ ಎಂದು ಕೇಳಿದ್ದಾರೆ. ಕಾಸರಗೋಡು ಕಡೆಯ ಹೆರಿಗೆ ವಾರ್ಡುಗಳಲ್ಲಿ 31 ವರ್ಷ ದುಡಿದು ಹೆಡ್ ನರ್ಸ್ ಆಗಿ ನಿವೃತ್ತಳಾದ ನನಗೆ ಇದು ತುಂಬ ಹತ್ತಿರದ ವಿಷಯ. ಬಿಪಿ, ಶುಗರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸಿಸ್ಟರ್, ನಾನು ಒಂದು ಖಾಸಗಿ ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮೂರು ತಿಂಗಳ ಹಿಂದೆ ನಮ್ಮಲ್ಲಿ ಮಗುವಿನ ಕಾಲಿಗೆ ಟ್ಯಾಗ್ ಕಟ್ಟುವ ವ್ಯವಸ್ಥೆ ಬಂತು. ಕಂಪೆನಿಯವರು ಒಂದು ಗಂಟೆ ಇಂಗ್ಲಿಷಿನಲ್ಲಿ ವಿವರಿಸಿ ಹೋದರು. ನನಗೆ ಅಂದು ಆಫ್ ಇತ್ತು. ಈಗ ದಿನಕ್ಕೆ ಹತ್ತು ಹದಿನೈದು ಸಲ ಅಲಾರಂ ಕೂಗುತ್ತದೆ. ಯಾರು ಹತ್ತಿರ ಇರುತ್ತೇವೋ ಅವರು ಬಟನ್ ಒತ್ತಿ ನಿಲ್ಲಿಸುತ್ತೇವೆ. ಹೊಸಬರಿಗೆ ಕಲಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ? — ಕುಂಬಳೆಯ ಓದುಗರು

ಉತ್ತರ: ತಂಗಿ, ನಿಮ್ಮ ಪತ್ರದ ಒಂದು ಸಾಲು ಓದಿ ನನಗೆ ನಿಜವಾಗಿ ಹೆದರಿಕೆಯಾಯಿತು. "ಹತ್ತಿರ ಇರುವವರು ಬಟನ್ ಒತ್ತಿ ನಿಲ್ಲಿಸುತ್ತೇವೆ." ಅಲ್ಲಿಂದಲೇ ಶುರು ಮಾಡಿ. ಮಗುವನ್ನು ಕಣ್ಣಾರೆ ನೋಡದೆ ಯಾರೂ ಅಲಾರಂ ನಿಲ್ಲಿಸಬಾರದು. ಮೊದಲ ಪಾಠವೂ ಇದೇ, ಕೊನೆಯ ಪಾಠವೂ ಇದೇ ಇರಲಿ.

ಆಮೇಲೆ ಈ ಯಂತ್ರ ಏನು ಮಾಡುತ್ತದೆ ಎಂದು ಮನೆಮಾತಿನಲ್ಲಿ ಹೇಳಿಕೊಡಿ. ಟ್ಯಾಗಿನೊಳಗೆ ಸಣ್ಣ ಬ್ಯಾಟರಿ ಇದೆ, ರೇಡಿಯೊ ಚಿಪ್ ಇದೆ. ಅದು ಆಗಾಗ "ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ" ಎಂದು ಹೇಳುತ್ತಲೇ ಇರುತ್ತದೆ. ಸೀಲಿಂಗಿನಲ್ಲೂ ಬಾಗಿಲ ಬಳಿಯೂ ಇರುವ ರಿಸೀವರುಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಮಗು ಹೊರಬಾಗಿಲ ಹತ್ತಿರ ಬಂದರೆ, ಪಟ್ಟಿಯನ್ನು ಯಾರಾದರೂ ಕತ್ತರಿಸಿದರೆ, ಟ್ಯಾಗಿನ ದನಿ ಸ್ವಲ್ಪ ಹೊತ್ತು ಕೇಳದೆ ಹೋದರೆ ಅಲಾರಂ ಆಗುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಬಾಗಿಲಿನ ಮ್ಯಾಗ್ನೆಟ್ ಲಾಕ್ ಬೀಳುತ್ತದೆ, ಲಿಫ್ಟ್ ನಿಲ್ಲುತ್ತದೆ. ತಾಯಿಯ ಕೈಗೂ ಟ್ಯಾಗ್ ಇದ್ದರೆ, ತಪ್ಪಿ ಬೇರೆ ಮಗುವನ್ನು ಅವಳ ಹತ್ತಿರ ತಂದಾಗ ಅದೂ ಗೊತ್ತಾಗುತ್ತದೆ. ಇಷ್ಟು ಅರ್ಥವಾದರೆ, ಅಲಾರಂ ಸುಮ್ನೆ ಕೂಗುವುದಿಲ್ಲ ಎಂಬುದೂ ಅರ್ಥವಾಗುತ್ತದೆ. ಪ್ರತಿ ಸಲವೂ ಅದಕ್ಕೊಂದು ಕಾರಣ ಇರುತ್ತದೆ.

ನಿಮ್ಮಲ್ಲಿ ಆ ಕಾರಣ ಏನೆಂದು ಹುಡುಕಿದ್ದೀರಾ? ಹೆಚ್ಚಿನ ಕಡೆ ಅದು ಪಟ್ಟಿ ಸಡಿಲವಾಗಿರುವುದು. ಹುಟ್ಟಿದ ಮೊದಲ ಮೂರು ನಾಲ್ಕು ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಅದು ನಿಮಗೂ ಗೊತ್ತು. 3 ಕಿಲೋ ಮಗು 200 ಗ್ರಾಂ ಇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಆದರೆ ಕಣಕಾಲೂ ಅಷ್ಟೇ ಸಣ್ಣಗಾಗುತ್ತದೆ ಅಲ್ವಾ? ಲೇಬರ್ ರೂಮಿನಲ್ಲಿ ಸರಿಯಾಗಿ ಕಟ್ಟಿದ ಪಟ್ಟಿ ಎರಡನೇ ದಿನ ಜಾರುತ್ತದೆ. ಟ್ಯಾಗ್ ಚರ್ಮಕ್ಕೆ ತಾಗದೆ ಹೋದರೆ ಯಾರೋ ಬಿಚ್ಚಿದರು ಎಂದೇ ಕೆಲವು ಯಂತ್ರಗಳು ತಿಳಿದುಕೊಳ್ಳುತ್ತವೆ. ಅದಕ್ಕೇ ಪ್ರತಿ ಡ್ಯೂಟಿಯ ಶುರುವಿನಲ್ಲಿ ಪಟ್ಟಿ ಮುಟ್ಟಿ ನೋಡಬೇಕು. ಒಂದು ಬೆರಳು ಹೋಗುವಷ್ಟು ಸಡಿಲ ಇದ್ದರೆ ಸಾಕು. ಎರಡು ಬೆರಳು ಹೋದರೆ ಬಿಗಿ ಮಾಡಿ.

ಎರಡನೆಯದು ಬೆಡ್ ಇರುವ ಜಾಗ. ಬಾಗಿಲಿಗೆ ಹತ್ತಿರದ ಬೆಡ್ಡಿನ ಮಗುವನ್ನು ಅಜ್ಜಿ ಹೆಗಲ ಮೇಲೆ ಹಾಕಿ ತಟ್ಟುತ್ತಾ ನಾಲ್ಕು ಹೆಜ್ಜೆ ನಡೆದರೂ ಅಲಾರಂ ಆಗುತ್ತದೆ. ಇದು ನಿಮ್ಮ ತಪ್ಪೂ ಅಲ್ಲ, ಅಜ್ಜಿಯ ತಪ್ಪೂ ಅಲ್ಲ. ಬೆಡ್ ಸರಿಸಿ, ಇಲ್ಲವೇ ಕಂಪೆನಿಯವರನ್ನು ಕರೆಸಿ ರಿಸೀವರಿನ ವ್ಯಾಪ್ತಿ ಸರಿ ಮಾಡಿಸಿ. ಮೂರನೆಯದು ಬ್ಯಾಟರಿ. ನಾಲ್ಕನೆಯದು ನಾವೇ ಮಾಡುವ ಮರೆವು. ಮಗುವನ್ನು ಸ್ಕ್ಯಾನಿಂಗಿಗೋ ಎನ್‌ಐಸಿಯುಗೋ (ಎಳೆಮಕ್ಕಳ ತೀವ್ರ ನಿಗಾ ಘಟಕ) ಕಳಿಸುವಾಗ ಕಂಪ್ಯೂಟರಿನಲ್ಲಿ ಹಾಕದೆ ಕಳಿಸುತ್ತೇವೆ. ಒಂದು ನೋಟ್ ಬುಕ್ ಇಡಿ. ಹದಿನೈದು ದಿನ ಪ್ರತಿ ಅಲಾರಮ್ಮಿಗೂ ಒಂದು ಸಾಲು: ಎಷ್ಟು ಹೊತ್ತಿಗೆ, ಯಾವ ಬಾಗಿಲು, ಯಾವ ಬೆಡ್, ಏನು ಕಾರಣ. ಆ ಪುಸ್ತಕವನ್ನು ಮ್ಯಾನೇಜ್‌ಮೆಂಟಿನ ಮುಂದಿಡಿ. ಬಾಯಲ್ಲಿ ಹೇಳಿದರೆ ಕೇಳದವರು ಪುಸ್ತಕ ನೋಡಿದರೆ ಕೇಳುತ್ತಾರೆ. ಅಲಾರಂ ಕಡಿಮೆಯಾಗದೆ ನೀವು ಎಷ್ಟು ತರಬೇತಿ ಕೊಟ್ಟರೂ ಅದು ತಲೆಯಲ್ಲಿ ನಿಲ್ಲದು. ದಿನಕ್ಕೆ ಹದಿನೈದು ಸಲ ಕೂಗುವುದನ್ನು ಕಿವಿ ತಾನಾಗಿ ಮರೆಯುತ್ತದೆ.

ಇನ್ನು ಕಲಿಸುವ ಬಗೆ. ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಕೂರಿಸಿ ಪರದೆಯ ಮೇಲೆ ತೋರಿಸುವ ಕ್ಲಾಸು ಬೇಡ. ನಾಲ್ಕು ನಾಲ್ಕು ಜನರನ್ನು ವಾರ್ಡಿನಲ್ಲೇ ನಿಲ್ಲಿಸಿ, ಇಪ್ಪತ್ತು ನಿಮಿಷ ಸಾಕು. ಪ್ರತಿಯೊಬ್ಬರೂ ತಮ್ಮ ಕೈಯಾರೆ ಟ್ಯಾಗ್ ಕಟ್ಟಬೇಕು, ಕಂಪ್ಯೂಟರಿನಲ್ಲಿ ತಾಯಿಯ ಹೆಸರಿಗೆ ಜೋಡಿಸಬೇಕು, ಬೇರೆ ವಾರ್ಡಿಗೆ ಕಳಿಸಬೇಕು, ಡಿಸ್ಚಾರ್ಜ್ ಮಾಡಬೇಕು. ಒಂದು ಗೊಂಬೆ ತನ್ನಿ. ಬರಿ ಗೊಂಬೆ ಹಗುರ, ಅದಕ್ಕೇ ನಾನು ಹಳೆಯ ಮುಂಡಿನಲ್ಲಿ ಮೂರು ಕಿಲೋ ಅಕ್ಕಿ ಕಟ್ಟಿ ಅದಕ್ಕೆ ಮಗುವಿನ ಟೊಪ್ಪಿ ಹಾಕುತ್ತಿದ್ದೆ. ಕೈಗೆ ಆ ಭಾರ ಬಂದರೆ ಮಂದಿ ಹುಷಾರಾಗುತ್ತಾರೆ. ರಾತ್ರಿ ಡ್ಯೂಟಿಯವರನ್ನು ಬಿಡಬೇಡಿ. ಕ್ಲೀನಿಂಗಿನ ಅಕ್ಕಂದಿರು, ಲಿಫ್ಟಿನವರು, ಲ್ಯಾಬಿನವರು, ಕ್ಯಾಂಟೀನಿನಿಂದ ಗಂಜಿ ತರುವ ಹುಡುಗ, ಇವರಿಗೆಲ್ಲ ಟ್ಯಾಗ್ ಕಟ್ಟಲು ಬರಬೇಕಾಗಿಲ್ಲ. ಅಲಾರಂ ಕೇಳಿದರೆ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಗೊತ್ತಿರಬೇಕು.

ಎಲ್ಲಿ ನಿಲ್ಲಬೇಕು ಎಂದೆನಲ್ಲ, ಅದನ್ನು ನಾನು ಕಲಿತದ್ದು 2009ರ ಮಳೆಗಾಲದಲ್ಲಿ. ಆಗ ನಾನು ದುಡಿಯುತ್ತಿದ್ದ ಆಸ್ಪತ್ರೆಯಲ್ಲಿ ಟ್ಯಾಗ್ ಇಲ್ಲ, ಕ್ಯಾಮೆರಾ ಇಲ್ಲ. ಸಂಜೆ ನಾಲ್ಕೂವರೆ, ನೋಡಲು ಬರುವವರ ಹೊತ್ತು. ವರಾಂಡ ತುಂಬ ಒದ್ದೆ ಕೊಡೆಗಳು. ಆರನೇ ಬೆಡ್ಡಿನ ಬಾಣಂತಿ ಬಾತ್‌ರೂಮಿಗೆ ಹೋಗಿ ಬಂದು ನೋಡಿದರೆ ತೊಟ್ಟಿಲು ಖಾಲಿ. ಅವಳು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನರ್ಸುಗಳು, ಅಟೆಂಡರ್, ಸೆಕ್ಯೂರಿಟಿ, ನಾವೆಲ್ಲ ಓಡಿದ್ದು ಎಲ್ಲಿಗೆ ಗೊತ್ತಾ? ಆರನೇ ಬೆಡ್ಡಿಗೆ. ಮಗು ಇಲ್ಲದ ಜಾಗಕ್ಕೆ! ಮಂಚದ ಕೆಳಗೆ ನೋಡಿದೆವು, ಪಕ್ಕದ ತೊಟ್ಟಿಲುಗಳನ್ನು ನೋಡಿದೆವು, ಅವಳ ಅಮ್ಮನನ್ನು ಬೈದೆವು. ಇಪ್ಪತ್ತು ನಿಮಿಷ ಹೋಯಿತು. ಆ ಇಪ್ಪತ್ತು ನಿಮಿಷ ಮೂರು ಬಾಗಿಲೂ ತೆರೆದೇ ಇದ್ದವು, ಅಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಮಗು ಸಿಕ್ಕಿದ್ದು ಕೆಳಗೆ ನಿಲ್ಲಿಸಿದ್ದ ವ್ಯಾನಿನೊಳಗೆ. ಮೆಟ್ಟಿಲು ಹತ್ತಲಾಗದ ಮುತ್ತಜ್ಜಿಗೆ ತೋರಿಸಲೆಂದು ಗಂಡನ ಕಡೆಯ ಚಿಕ್ಕಮ್ಮ ಎತ್ತಿಕೊಂಡು ಹೋಗಿದ್ದರು. ಮಗು ಸುಖವಾಗಿ ನಿದ್ದೆ ಮಾಡುತ್ತಿತ್ತು. ಮುತ್ತಜ್ಜಿ ಅದರ ಹಣೆ ಸವರುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎತ್ತಿಕೊಂಡು ಹೋದವರು ಚಿಕ್ಕಮ್ಮ ಅಲ್ಲದೆ ಬೇರೆ ಯಾರೋ ಆಗಿದ್ದರೆ, ಇಪ್ಪತ್ತು ನಿಮಿಷದಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿಯ ಕಡೆಗೆ ಎಷ್ಟು ದೂರ ಹೋಗಿರುತ್ತಿದ್ದರು ಎಂದು ಲೆಕ್ಕ ಹಾಕುತ್ತಾ ಮಲಗಿದ್ದೆ.

ಆದ್ದರಿಂದ ಹೀಗೆ ಕಲಿಸಿ. ಅಲಾರಂ ಆದ ಕೂಡಲೆ ಒಬ್ಬರು ಮಾತ್ರ ತೊಟ್ಟಿಲಿಗೆ ಹೋಗಬೇಕು. ಉಳಿದವರೆಲ್ಲ ತಮಗೆ ಹತ್ತಿರದ ಬಾಗಿಲು, ಮೆಟ್ಟಿಲು, ಲಿಫ್ಟ್, ಹಿಂದಿನ ಓಣಿಗೆ ಹೋಗಬೇಕು. ಬಟ್ಟೆ ಒಗೆಯುವ ಕಡೆಯ ಬಾಗಿಲನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೂ ಒಬ್ಬರ ಹೆಸರು ಬರೆದಿಡಿ. ತೊಟ್ಟಿಲಿಗೆ ಹೋದವರು "ಮಗು ಇದೆ" ಎಂದು ಕೂಗಿದರೆ ಎಲ್ಲರೂ ಹಿಂದೆ ಬರಬಹುದು. "ಇಲ್ಲ" ಎಂದರೆ ಕೋಡ್ ಪಿಂಕ್. ಈ ಮಾತು ಈಗ ತುಂಬ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ, ಮಗು ಕಾಣೆಯಾಗಿದೆ ಎಂದು ಅರ್ಥ. ಆದರೆ ಮೈಕಿನಲ್ಲಿ "ಕೋಡ್ ಪಿಂಕ್" ಎಂದರೆ ನಮ್ಮ ಕ್ಲೀನಿಂಗಿನ ಅಕ್ಕನಿಗೆ ಏನು ತಿಳಿಯಬೇಕು? ಅವರಿಗೆ ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಹೇಳಿಕೊಡಿ. ನಮ್ಮದು ಏಳು ಭಾಷೆಯ ಊರು. "ಬಾಲೆನ್ ಓಡೆ ಕೊನೊಪರ್?" "ಕುಞ್ಞಿನೆ ಎವಿಡೆ ಕೊಂಡುಪೋಗುನ್ನು?" "ಮಗುವನ್ನು ಎಲ್ಲಿಗೆ ಕೊಂಡುಹೋಗ್ತೀರಿ?" ಈ ಮೂರು ವಾಕ್ಯ ಬಾಗಿಲಲ್ಲಿ ನಿಲ್ಲುವ ಪ್ರತಿಯೊಬ್ಬರ ನಾಲಿಗೆಯ ಮೇಲೆ ಇರಬೇಕು.

ಇನ್ನೊಂದು ವಿಷಯ ಯಾವ ಕ್ಲಾಸಿನಲ್ಲೂ ಬಿಟ್ಟುಹೋಗುತ್ತದೆ. ಬೆಂಕಿಯ ಅಲಾರಂ ಆದರೆ ಮ್ಯಾಗ್ನೆಟ್ ಲಾಕುಗಳು ತಾವಾಗಿ ತೆರೆದುಕೊಳ್ಳುವ ಹಾಗೆ ಮಾಡಿರುತ್ತಾರೆ. ಜನ ಒಳಗೆ ಸಿಕ್ಕಿಹಾಕಿಕೊಳ್ಳಬಾರದಲ್ಲ. ಅಂದರೆ ಆ ಹೊತ್ತಿಗೆ ಮಕ್ಕಳ ವಾರ್ಡಿನ ಬಾಗಿಲಿಗೆ ಲಾಕ್ ಇಲ್ಲ. ಬೆಂಕಿಯ ಡ್ರಿಲ್ ಮಾಡುವಾಗಲೂ ಬಾಗಿಲಿಗೊಬ್ಬರನ್ನು ನಿಲ್ಲಿಸಿ ಅಭ್ಯಾಸ ಮಾಡಿಸಿ.

ಪ್ರಶ್ನೆ: ಅಕ್ಕಾ, ನಾನು ಗಲ್ಫಿನಿಂದ ವಾಪಸು ಬಂದು ಈಗ ಒಂದು ಆಸ್ಪತ್ರೆಯಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದೇನೆ. ಮಗು ಎತ್ತಿಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿದರೆ ಜನ ಬೈಯುತ್ತಾರೆ. "ನಾವು ಕಳ್ಳರಾ?" ಎನ್ನುತ್ತಾರೆ. ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು? — ಉಪ್ಪಳದ ಓದುಗರು

ಉತ್ತರ: ಎಲ್ಲರನ್ನೂ ಕೇಳಿ, ತಮ್ಮಾ. ಒಬ್ಬರನ್ನು ಬಿಟ್ಟು ಒಬ್ಬರನ್ನು ಕೇಳಿದರೆ ಬೇಸರವಾಗುತ್ತದೆ. ಬುರ್ಖಾ ಹಾಕಿದವರನ್ನು ಮಾತ್ರ, ಬಡವರ ಹಾಗೆ ಕಾಣುವವರನ್ನು ಮಾತ್ರ ನಿಲ್ಲಿಸಿದರೆ ಅದು ಅನ್ಯಾಯ. ಕೆಲಸಕ್ಕೂ ಬಾರದು.

ಯಾಕೆ ಅಂದರೆ, ಆಸ್ಪತ್ರೆಯಿಂದ ಮಗು ಕದಿಯಲು ಬರುವವರು ನಾವು ಸಿನಿಮಾದಲ್ಲಿ ನೋಡುವ ಕಳ್ಳರ ಹಾಗೆ ಇರುವುದಿಲ್ಲ. ಅಮೆರಿಕದಲ್ಲಿ ಕಾಣೆಯಾದ ಮಕ್ಕಳಿಗಾಗಿ 1984ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರವೊಂದಿದೆ. ಅವರು ಇಂಥ ಪ್ರಕರಣಗಳನ್ನು ದಶಕಗಳಿಂದ ನೋಡಿ ಬರೆದಿಟ್ಟಿದ್ದಾರೆ. ಹೆಚ್ಚಿನವರು ಹೆರುವ ಪ್ರಾಯದ ಹೆಂಗಸರು. ತಾನು ಬಸುರಿ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿರುತ್ತಾರೆ, ಇಲ್ಲವೇ ಮಗು ಕಳೆದುಕೊಂಡಿರುತ್ತಾರೆ. ಒಂದೆರಡು ದಿನ ಮೊದಲೇ ಬಂದು ವಾರ್ಡ್ ಸುತ್ತುತ್ತಾರೆ, ಮೆಟ್ಟಿಲು ಎಲ್ಲಿ, ಮಗುವಿಗೆ ಹಾಲು ಕೊಡುವ ಹೊತ್ತು ಯಾವುದು ಎಂದು ಕೇಳುತ್ತಾರೆ. ನರ್ಸಿನ ಹಾಗೆ ಬಟ್ಟೆ ಹಾಕುತ್ತಾರೆ. ಮೆತ್ತಗೆ ಮಾತಾಡುತ್ತಾರೆ. ನಮ್ಮ ಕಡೆ ನಡೆದದ್ದೂ ಹೀಗೇ. 2022ರ ಜನವರಿಯಲ್ಲಿ ಕೋಟ್ಟಯಂ ಮೆಡಿಕಲ್ ಕಾಲೇಜಿನಲ್ಲಿ ನರ್ಸ್ ವೇಷದಲ್ಲಿ ಬಂದ ಹೆಂಗಸು ಎಳೆಯ ಮಗುವನ್ನು ತಾಯಿಯ ಕೈಯಿಂದಲೇ ತೆಗೆದುಕೊಂಡು ಹೋದಳು. ಹತ್ತಿರದ ಹೋಟೆಲಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ಮಗು ಸಿಕ್ಕಿತು. ಅಲ್ಲಿ ನೆರವಿಗೆ ಬಂದದ್ದು ಒಬ್ಬ ಟ್ಯಾಕ್ಸಿ ಚಾಲಕನ ಸಂಶಯ. ಇಷ್ಟು ಎಳೆಯ ಕೂಸನ್ನು ಇವರು ಎಲ್ಲಿಗೆ ಕೊಂಡುಹೋಗುತ್ತಾರೆ ಎಂದು ಅವರಿಗೆ ಅನಿಸಿತು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಹೇಗೆ ಕೇಳಬೇಕು ಎಂಬುದು ದೊಡ್ಡದು. "ಎಲ್ಲಿಗೆ? ನಿಲ್ಲಿ!" ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. "ಮಗು ಹುಟ್ಟಿದ್ದು ಯಾವಾಗ ಅಕ್ಕಾ? ಡಿಸ್ಚಾರ್ಜ್ ಆಯಿತಾ? ಚೀಟಿ ಒಮ್ಮೆ ತೋರಿಸಿ" ಎಂದು ಕೇಳಿ. ಒಳ್ಳೆಯವರು ನಗುತ್ತಾ ತೋರಿಸುತ್ತಾರೆ. ಬ್ಯಾಗ್ ನೋಡುವಾಗ ಹೆಂಗಸರ ಬ್ಯಾಗನ್ನು ಹೆಂಗಸೇ ನೋಡಲಿ, ಆಸ್ಪತ್ರೆಯವರಿಗೆ ಹೇಳಿ ಗೇಟಿಗೆ ಒಬ್ಬರು ಹೆಂಗಸು ಕೂಡ ಬೇಕೆಂದು ಕೇಳಿ. ಯಾರಾದರೂ ನಿಲ್ಲದೆ ಓಡಿದರೆ ಮಗುವನ್ನು ಎಳೆದಾಡಬೇಡಿ, ಬಿದ್ದರೆ ಕಷ್ಟ. ಗೇಟ್ ಹಾಕಿಸಿ, ಗಾಡಿಯ ನಂಬರ್ ನೋಡಿ, 112ಕ್ಕೆ ಫೋನ್ ಮಾಡಿ. ಉಪ್ಪಳದಿಂದ ರೈಲು ಹತ್ತಿದರೂ ಬಸ್ಸು ಹತ್ತಿದರೂ ಬೇಗನೆ ಇನ್ನೊಂದು ರಾಜ್ಯ. ರೈಲ್ವೆಯವರಿಗೆ 139. ಈ ಎರಡು ನಂಬರು ನಿಮ್ಮ ಕುರ್ಚಿಯ ಎದುರಿನ ಗೋಡೆಯಲ್ಲಿರಲಿ.

ಬೈದವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಮಾಡುತ್ತಿರುವುದು ದೊಡ್ಡ ಕೆಲಸ.

ಪ್ರಶ್ನೆ: ನನ್ನ ಮೊಮ್ಮಗಳು ಹುಟ್ಟಿದ ಕೂಡಲೆ ಕಾಲಿಗೆ ಪ್ಲಾಸ್ಟಿಕ್ಕಿನ ಏನೋ ಕಟ್ಟಿದ್ದಾರೆ. ಬೇಡಿ ಹಾಕಿದ ಹಾಗೆ ಕಾಣುತ್ತದೆ. ಅದರ ರೇಡಿಯೇಷನ್ ಮಗುವಿಗೆ ಆಗುವುದಿಲ್ಲವಾ? ಬಿಚ್ಚಿಸಬಹುದಾ? — ಬದಿಯಡ್ಕದ ಓದುಗರು

ಉತ್ತರ: ಅಮ್ಮಾ, ಬಿಚ್ಚಿಸಬೇಡಿ. ಅದು ಕಳಿಸುವ ರೇಡಿಯೊ ಸಂಕೇತ ನಿಮ್ಮ ಕೈಯ ಮೊಬೈಲಿಗಿಂತ ಎಷ್ಟೋ ಕಡಿಮೆ ಶಕ್ತಿಯದ್ದು. ಎಕ್ಸ್‌ರೇ ಥರದ್ದಲ್ಲ. ನೋಡಬೇಕಾದದ್ದು ಚರ್ಮವನ್ನು. ಪಟ್ಟಿಯ ಕೆಳಗೆ ಕೆಂಪಾಗಿದೆಯಾ, ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಒದ್ದೆ ಉಳಿದಿದೆಯಾ ಎಂದು ನೋಡಿ ಸಿಸ್ಟರಿಗೆ ಹೇಳಿ, ಅವರು ಇನ್ನೊಂದು ಕಾಲಿಗೆ ಕಟ್ಟುತ್ತಾರೆ. ದೃಷ್ಟಿಗೆ ಕಪ್ಪು ನೂಲು ಕಟ್ಟುವುದಿದ್ದರೆ ಕೈಗೆ ಕಟ್ಟಿ, ಟ್ಯಾಗಿನ ಮೇಲೆ ಸುತ್ತಬೇಡಿ.

ಪ್ರಶ್ನೆ: ನಾನು ಮಂಜೇಶ್ವರ ತಾಲೂಕಿನಲ್ಲಿ 20 ಬೆಡ್ಡಿನ ಸಣ್ಣ ನರ್ಸಿಂಗ್ ಹೋಂ ನಡೆಸುವ ವೈದ್ಯ. ಟ್ಯಾಗ್ ವ್ಯವಸ್ಥೆಗೆ ಕೊಟೇಶನ್ ತರಿಸಿದೆ, ನಮ್ಮ ಕೈಗೆ ನಿಲುಕುವುದಿಲ್ಲ. ಅದಿಲ್ಲದೆ ಸಿಬ್ಬಂದಿಗೆ ಏನು ತರಬೇತಿ ಕೊಡಬಹುದು? — ವರ್ಕಾಡಿ ಕಡೆಯ ಓದುಗರು

ಉತ್ತರ: ಡಾಕ್ಟ್ರೇ, ನೀವು ಕೇಳಿದ್ದು ನನಗೆ ತುಂಬ ಸಂತೋಷ. ಟ್ಯಾಗ್ ಇಲ್ಲದ ಕಾಲದಲ್ಲೂ ನಾವು ಮಕ್ಕಳನ್ನು ಕಾದಿದ್ದೇವೆ. 20 ಬೆಡ್ಡಿನ ಜಾಗದಲ್ಲಿ ಒಂದು ದೊಡ್ಡ ಅನುಕೂಲ ಇದೆ: ಎಲ್ಲರಿಗೂ ಎಲ್ಲರ ಮುಖ ಗೊತ್ತು.

ಮೊದಲು ಒಂದೇ ನಿಯಮ ತನ್ನಿ. ನಿಮ್ಮ ಸಿಬ್ಬಂದಿ ಮಗುವನ್ನು ಕೈಯಲ್ಲಿ ಎತ್ತಿಕೊಂಡು ವರಾಂಡದಲ್ಲಿ ನಡೆಯಬಾರದು. ತೊಟ್ಟಿಲ ಗಾಡಿಯಲ್ಲಿ ಮಲಗಿಸಿ ತಳ್ಳಬೇಕು, ಜೊತೆಗೆ ಮನೆಯವರು ಒಬ್ಬರು ಇರಬೇಕು. ಇದರಿಂದ ಏನಾಗುತ್ತದೆ ನೋಡಿ. ಯಾರಾದರೂ ಎಳೆಮಗುವನ್ನು ತೋಳಲ್ಲಿ ಎತ್ತಿ ಹೋಗುತ್ತಿದ್ದರೆ ಕಸ ಗುಡಿಸುವವರಿಗೂ ಕೂಡಲೆ ಕಣ್ಣಿಗೆ ಬೀಳುತ್ತದೆ. ಏನೂ ಖರ್ಚಿಲ್ಲದ ಅಲಾರಂ ಇದು.

ತಾಯಿಗೂ ಮಗುವಿಗೂ ಒಂದೇ ನಂಬರಿನ ಬ್ಯಾಂಡ್ ಕಟ್ಟಿ. ಲೇಬರ್ ರೂಮಿನಲ್ಲೇ ಕಟ್ಟಬೇಕು, ವಾರ್ಡಿಗೆ ಬಂದ ಮೇಲೆ ಅಲ್ಲ. ಕಟ್ಟುವಾಗ ತಾಯಿಗೆ ಓದಿ ಹೇಳಬೇಕು. ಸಿಸೇರಿಯನ್ ಆಗಿ ಮಂಪರಿನಲ್ಲಿದ್ದರೆ ಜೊತೆಗೆ ನಿಂತವರಿಗೆ, ನಮ್ಮ ಕಡೆ ಬೈಸ್ಟ್ಯಾಂಡರ್ ಎನ್ನುತ್ತೇವಲ್ಲ, ಅವರಿಗೆ ಹೇಳಬೇಕು. ಮಗುವಿನ ಅಂಗಾಲಿನ ಅಚ್ಚು ತೆಗೆಯಿರಿ, ಮಚ್ಚೆ ಎಲ್ಲಿದೆ ಎಂದು ಬರೆಯಿರಿ, ಮುಖದ ಒಂದು ಸ್ಪಷ್ಟ ಫೋಟೊ ಕೇಸ್ ಶೀಟಿಗೆ ಹಾಕಿ. ಮಗು ಕಾಣೆಯಾದಾಗ "ಬೆಳ್ಳಗಿತ್ತು, ತಲೆ ತುಂಬ ಕೂದಲಿತ್ತು" ಎಂದರೆ ಪೊಲೀಸರು ಏನು ಹುಡುಕಬೇಕು?

ಬಾಣಂತಿ ವಾರ್ಡಿಗೆ ಮಾತ್ರ ಒಂದು ಬೇರೆ ಬಣ್ಣದ ಗುರುತಿನ ಚೀಟಿ ಮಾಡಿ. ಆ ಬಣ್ಣ ಇಲ್ಲದವರು ಮಗುವನ್ನು ಮುಟ್ಟುವಂತಿಲ್ಲ, ಅವರು ಎಕ್ಸ್‌ರೇಯವರೇ ಆಗಲಿ, ಸ್ವತಃ ನೀವೇ ಆಗಲಿ. ಇಲ್ಲೇ ನಾನು ನಿಮ್ಮ ಹತ್ತಿರ ಒಂದು ಮಾತು ಬೇಡಿಕೊಳ್ಳುತ್ತೇನೆ. ಮಗು ಕಾಣೆಯಾದ ಹಾಗೆ ಅಭ್ಯಾಸ ಮಾಡಿಸುವ ಡ್ರಿಲ್ಲಿನ ದಿನ ನೀವೇ ಚೀಟಿ ಇಲ್ಲದೆ ಹೋಗಿ ಮಗುವನ್ನು ಕೊಡಿ ಎಂದು ಕೇಳಿ. ಹೊಸ ನರ್ಸ್ ಹೆದರಿಕೊಂಡು ಕೊಟ್ಟರೆ ಬೈಯಬೇಡಿ. ಕೊಡುವುದಿಲ್ಲ ಎಂದ ಹುಡುಗಿಯನ್ನು ಎಲ್ಲರ ಮುಂದೆ ಹೊಗಳಿ. ದೊಡ್ಡವರನ್ನು ನಿಲ್ಲಿಸಿ ಕೇಳುವ ಧೈರ್ಯ ನಮ್ಮ ಹುಡುಗಿಯರಿಗೆ ಯಾರೂ ಕಲಿಸುವುದಿಲ್ಲ. ನರ್ಸಿಂಗ್ ಶಾಲೆಯಿಂದಲೇ ಡಾಕ್ಟರ್ ಬಂದರೆ ಎದ್ದು ನಿಲ್ಲುವುದನ್ನು ಕಲಿಸುತ್ತಾರೆ. ಬಿಳಿ ಕೋಟು ಹಾಕಿ ಬರುವ ಕಳ್ಳರಿಗೆ ಅನುಕೂಲವಾಗುವುದು ಇದೇ ಹೆದರಿಕೆ.

ಡ್ರಿಲ್ಲನ್ನು ಮೂರು ತಿಂಗಳಿಗೊಮ್ಮೆ ಮಾಡಿ. ಡ್ಯೂಟಿ ಬದಲಾಗುವ ಹೊತ್ತು, ಸಂಜೆ ನೆಂಟರು ತುಂಬಿರುವ ಹೊತ್ತು, ನಡುರಾತ್ರಿ, ಹೀಗೆ ಬೇರೆ ಬೇರೆ ಹೊತ್ತಿಗೆ. ಬಾಣಂತಿಯರಿಗೆ ಮೊದಲೇ ತಿಳಿಸಿ, ಅವರಿಗೆ ಗಾಬರಿ ಮಾಡಬಾರದು. ಪರಿಚಯ ಇಲ್ಲದ ಒಬ್ಬರ ಕೈಯಲ್ಲಿ ಅಕ್ಕಿಗಂಟಿನ ಮಗುವನ್ನು ತರಕಾರಿ ಚೀಲದಲ್ಲಿಟ್ಟು ಕಳಿಸಿ. ಎಷ್ಟು ಬಾಗಿಲು ದಾಟಿದರು, ಎಷ್ಟು ಜನ ನೋಡಿದರು, ಯಾರು ಕೇಳಿದರು ಎಂದು ಬರೆಯಿರಿ. ಮೊದಲ ಸಲ ಯಾರೂ ಕೇಳಿರುವುದಿಲ್ಲ. ಬೇಸರ ಪಡಬೇಡಿ.

ನಿಜವಾಗಿ ಆದಾಗ ಏನು ಮಾಡಬೇಕು ಎಂಬುದೂ ಬರೆದಿಟ್ಟಿರಬೇಕು. ಉಳಿದ ಎಲ್ಲ ಮಕ್ಕಳನ್ನು ಎಣಿಸಿ. ಡ್ಯೂಟಿ ಮುಗಿದವರೂ ಮನೆಗೆ ಹೋಗಬಾರದು. ಆ ಮಂಚ, ತೊಟ್ಟಿಲು, ಬಟ್ಟೆ ಯಾವುದನ್ನೂ ಮುಟ್ಟಬೇಡಿ, ತಾಯಿಯನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ, ಒಬ್ಬರೇ ನರ್ಸ್ ಕೊನೆಯವರೆಗೂ ಅವಳ ಜೊತೆ ಇರಲಿ. ಪೊಲೀಸರಿಗೆ ತಿಳಿಸಲು "ಇನ್ನೊಮ್ಮೆ ಹುಡುಕಿ ನೋಡೋಣ, ಆಸ್ಪತ್ರೆಯ ಹೆಸರು ಹಾಳಾಗುತ್ತದೆ" ಎಂದು ಕಾಯಬೇಡಿ. ಮಗು ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬುದು ಸುಳ್ಳು ನಂಬಿಕೆ. ಕೂಡಲೆ ಎಫ್‌ಐಆರ್ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಗು ಒಮ್ಮೆ ಕೈತಪ್ಪಿದರೆ ಸಿಗಲು ಎಷ್ಟು ತಡವಾಗಬಹುದು ಎಂಬುದಕ್ಕೆ ಬೆಂಗಳೂರಿನ ಚಾಮರಾಜಪೇಟೆಯ ಪಾಲಿಕೆ ಆಸ್ಪತ್ರೆಯ ಪ್ರಕರಣ ಇದೆ. 2020ರ ಮೇ ತಿಂಗಳಲ್ಲಿ ಹೋದ ಮಗು ಸಿಕ್ಕಿದ್ದು ಸುಮಾರು ಒಂದು ವರ್ಷದ ನಂತರ. ಆ ಹೊತ್ತಿಗೆ ಅದು ಬೇರೊಬ್ಬರನ್ನು ಅಪ್ಪ ಅಮ್ಮ ಎಂದುಕೊಂಡು ಬೆಳೆದಿತ್ತು. ಆ ಮಗುವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬಹುದು. 2025ರ ಏಪ್ರಿಲಿನಲ್ಲಿ ಮಕ್ಕಳ ಸಾಗಾಟದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತು: ಆಸ್ಪತ್ರೆಯಿಂದ ನವಜಾತ ಶಿಶುವನ್ನು ಸಾಗಿಸಿದರೆ ಮೊದಲು ಮಾಡಬೇಕಾದದ್ದು ಆ ಆಸ್ಪತ್ರೆಯ ಲೈಸೆನ್ಸ್ ಅಮಾನತು. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೂ ಮಗು ಅಪಹರಣ ತಡೆಯುವ ಕ್ರಮ ಇರಬೇಕು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಪಾಲುದಾರರಲ್ಲಿ ಯಾರಾದರೂ ಇದಕ್ಕೆಲ್ಲ ಸಮಯ ಯಾಕೆ ಎಂದರೆ ಅವರಿಗೆ ತೋರಿಸಲು ಬೇಕಾದೀತು.

ಪ್ರಶ್ನೆ: ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೂ ಕೈಗೆ ಟ್ಯಾಗ್ ಕಟ್ಟುತ್ತಾರೆ. ಗಂಡ ಹೆಂಡತಿ ಜಗಳದ ಮನೆಯ ಮಗು ಇದ್ದರೆ, ಇಬ್ಬರೂ ಬಂದು "ನಾನು ಕರೆದುಕೊಂಡು ಹೋಗುತ್ತೇನೆ" ಎಂದರೆ ನಾವೇನು ಮಾಡಬೇಕು? — ಹೊಸದುರ್ಗದ ಓದುಗರು

ಉತ್ತರ: ದೊಡ್ಡ ಮಕ್ಕಳ ವಾರ್ಡಿನಲ್ಲಿ ಹೊರಗಿನ ಕಳ್ಳರಿಗಿಂತ ಮನೆಯೊಳಗಿನ ಜಗಳದ ಭಯ ಜಾಸ್ತಿ. ನೀವು ನ್ಯಾಯ ಹೇಳಲು ಹೋಗಬೇಡಿ. ಡಿಸ್ಚಾರ್ಜ್ ಆಗದ ಮಗುವನ್ನು ಅಪ್ಪನೂ ಕೊಂಡುಹೋಗುವಂತಿಲ್ಲ, ಅಮ್ಮನೂ ಕೊಂಡುಹೋಗುವಂತಿಲ್ಲ. ಈ ಒಂದು ಮಾತಿಗೆ ಅಂಟಿಕೊಳ್ಳಿ. ಅಡ್ಮಿಟ್ ಮಾಡುವಾಗಲೇ, ಮಗುವಿನ ಹತ್ತಿರ ಯಾರು ಬರಬಹುದು ಎಂದು ಕೇಳಿ ಬರೆದುಕೊಳ್ಳಿ. ಕೋರ್ಟಿನ ಆದೇಶ ಇದ್ದರೆ ಅದರ ಪ್ರತಿ ಕೇಸ್ ಶೀಟಿನಲ್ಲಿರಲಿ, ಡ್ಯೂಟಿ ಬದಲಾಗುವಾಗ ಪ್ರತಿ ಹ್ಯಾಂಡೋವರಿನಲ್ಲೂ ಅದನ್ನು ಬಾಯಿಬಿಟ್ಟು ಹೇಳಿ. ಜಗಳ ಜೋರಾದರೆ ಡ್ಯೂಟಿ ಡಾಕ್ಟರನ್ನು, ಬೇಕಾದರೆ ಪೊಲೀಸರನ್ನು ಕರೆಯಿರಿ. ಮಕ್ಕಳ ಸಹಾಯಕ್ಕೆ 1098 ಇದೆ.

ಟ್ಯಾಗ್ ವಿಷಯದಲ್ಲಿ ಒಂದು ಕಷ್ಟ ಇದೆ. ನಾಲ್ಕು ವರ್ಷದ ಮಗು ಅದನ್ನು ತಾನೇ ಎಳೆದು ಕಿತ್ತುಹಾಕುತ್ತದೆ. ಅದಕ್ಕೆ ಮಗುವಿಗೇ ಹೇಳಿ. "ಇದು ನಿನ್ನ ವಾಚು, ಮನೆಗೆ ಹೋಗುವ ದಿನ ನಾನೇ ತೆಗೆಯುತ್ತೇನೆ" ಎಂದರೆ ಮಕ್ಕಳು ಕೇಳುತ್ತಾರೆ. ಮಕ್ಕಳಿಗೆ ಯಾರ ಜೊತೆ ಹೋಗಲು ಹೆದರಿಕೆ ಎಂಬುದನ್ನೂ ಅವರ ಮುಖ ನೋಡಿದರೆ ತಿಳಿಯಬಹುದು. ಅದನ್ನು ನೋಡಿಯೂ ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿ.

ಪ್ರಶ್ನೆ: ಅಕ್ಕಾ, ನನಗೆ ಈಗ ಎಂಟು ತಿಂಗಳು. ಮಂಗಳೂರಿನಲ್ಲಿ ಹೆರಿಗೆ ಮಾಡಿಸುವುದೋ ಇಲ್ಲೇ ಕಾಸರಗೋಡಿನಲ್ಲೋ ಎಂದು ಮನೆಯಲ್ಲಿ ಮಾತಾಗುತ್ತಿದೆ. ಮಗು ಕದ್ದ ಸುದ್ದಿ ಓದಿ ರಾತ್ರಿ ನಿದ್ದೆ ಬರುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಏನು ಮಾಡಬೇಕು? — ಮುಳ್ಳೇರಿಯದ ಓದುಗರು

ಉತ್ತರ: ಮಗಳೇ, ಮೊದಲು ನಿದ್ದೆ ಮಾಡು. ಇಂಥದ್ದು ನಡೆಯುವುದು ತುಂಬ ಅಪರೂಪ, ಅದಕ್ಕೇ ಅದು ಪೇಪರಿನಲ್ಲಿ ಬರುತ್ತದೆ. ಎಲ್ಲಿ ಹೆರಿಗೆ ಎಂಬುದನ್ನು ನಿನ್ನ ಡಾಕ್ಟರ ಸಲಹೆಯ ಮೇಲೆ, ದಾರಿಯ ದೂರದ ಮೇಲೆ ತೀರ್ಮಾನ ಮಾಡಿ. ಟ್ಯಾಗ್ ಇದೆ ಎಂದು ಆಸ್ಪತ್ರೆ ಆರಿಸುವುದು ಬೇಡ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನಿನಗೂ ನೆನಪಿದ್ದೀತು. ಹತ್ತಿರದ ಆಸ್ಪತ್ರೆ ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ಆಗ ಗೊತ್ತಾಯಿತು.

ಅಡ್ಮಿಟ್ ಆದ ದಿನ ಸಿಸ್ಟರನ್ನು ಒಂದೇ ಪ್ರಶ್ನೆ ಕೇಳು: "ನನ್ನ ಮಗುವನ್ನು ಯಾರು ಕೊಂಡುಹೋಗಬಹುದು, ಅವರನ್ನು ನಾನು ಗುರುತಿಸುವುದು ಹೇಗೆ?" ಉತ್ತರ ಕೂಡಲೆ ಬಂದರೆ ಅಲ್ಲಿ ತರಬೇತಿ ನಡೆದಿದೆ ಎಂದು ತಿಳಿ. ಅವರು ಒಬ್ಬರ ಮುಖ ಒಬ್ಬರು ನೋಡಿದರೆ ನೀನೇ ಹುಷಾರಾಗಿರು.

2024ರ ನವೆಂಬರಿನಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸ್ ವೇಷದ ಇಬ್ಬರು ಹೆಂಗಸರು ರಕ್ತ ಪರೀಕ್ಷೆ ಎಂದು ಹೇಳಿ ಮಗುವನ್ನು ತೆಗೆದುಕೊಂಡು ಹೋಗಿದ್ದರು. ಪೊಲೀಸರು ಎರಡು ದಿನದೊಳಗೆ ಮಗುವನ್ನು ತಾಯಿಯ ಮಡಿಲಿಗೆ ಹಾಕಿದರು. ಅದಕ್ಕೇ ಹೇಳುವುದು: ರಕ್ತ ಪರೀಕ್ಷೆ, ತೂಕ, ಕಾಮಾಲೆ ನೋಡಲು, ಏನೇ ಹೇಳಿದರೂ ಅಮ್ಮನನ್ನೋ ಗಂಡನನ್ನೋ ಮಗುವಿನ ಜೊತೆ ಕಳಿಸು. ಒಳ್ಳೆಯ ನರ್ಸಿಗೆ ಇದರಿಂದ ಬೇಸರ ಆಗುವುದಿಲ್ಲ. ನನ್ನ ಸರ್ವೀಸಿನಲ್ಲಿ "ಸಿಸ್ಟರ್, ನಾನೂ ಬರ್ತೇನೆ" ಎಂದ ಅಜ್ಜಿಯರನ್ನು ಕಂಡರೆ ನನಗೆ ಸಮಾಧಾನವೇ ಆಗುತ್ತಿತ್ತು. ಬಾತ್‌ರೂಮಿಗೆ ಹೋಗುವಾಗ ಪಕ್ಕದ ಬೆಡ್ಡಿನವರ ಹತ್ತಿರ ಮಗುವನ್ನು ಬಿಟ್ಟು ಹೋಗಬೇಡ, ಅವರು ಎಷ್ಟು ಒಳ್ಳೆಯವರಾದರೂ. ಮಗುವಿನ ಮಂಚವನ್ನು ಬಾಗಿಲಿನಿಂದ ದೂರದ ಕಡೆಗೆ, ಗೋಡೆಯ ಪಕ್ಕಕ್ಕೆ ಇಟ್ಟುಕೋ. ಮಗು ಹುಟ್ಟಿದ ಫೋಟೊವನ್ನು ವಾರ್ಡು, ಬೆಡ್ ನಂಬರಿನ ಜೊತೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಲು ಗಂಡನಿಗೆ ಬಿಡಬೇಡ, ಮನೆಗೆ ಹೋದ ಮೇಲೆ ಹಾಕಲಿ.

ಡಿಸ್ಚಾರ್ಜಿನ ದಿನ ಎಲ್ಲರಿಗೂ ಅವಸರ. ಬಿಲ್ಲು ಕಟ್ಟಲು ಗಂಡ ಕೆಳಗೆ ಹೋಗಿರುತ್ತಾನೆ, ಅಮ್ಮ ಪಾತ್ರೆ ಫ್ಲಾಸ್ಕು ಕಟ್ಟುತ್ತಿರುತ್ತಾರೆ, ಆಟೋದವನು ಫೋನ್ ಮಾಡುತ್ತಿರುತ್ತಾನೆ. ಅಂಥ ಹೊತ್ತಿನಲ್ಲೇ ಯಾರೋ ಬಂದು ಟ್ಯಾಗ್ ಬಿಚ್ಚಿ ಹೋಗುತ್ತಾರೆ, ಆಮೇಲೆ ಒಂದು ಗಂಟೆ ಮಗು ಟ್ಯಾಗ್ ಇಲ್ಲದೆ ಮಲಗಿರುತ್ತದೆ. ಹಾಗೆ ಮಾಡಲು ಬಿಡಬೇಡ. ನೀನು ಚಪ್ಪಲಿ ಮೆಟ್ಟಿ ಹೊರಡಲು ಎದ್ದು ನಿಂತ ಮೇಲೆ, ನಿನ್ನ ಕೈಯ ನಂಬರನ್ನೂ ಮಗುವಿನ ನಂಬರನ್ನೂ ಇಬ್ಬರು ಸಿಸ್ಟರುಗಳು ಓದಿ ನೋಡಿ, ನಿನ್ನ ಕಣ್ಣೆದುರೇ ಟ್ಯಾಗ್ ಕತ್ತರಿಸಲಿ. ಆಮೇಲೆ ಮಗುವನ್ನು ನೀನೇ ಎತ್ತಿಕೋ.